ಹುಂಡಿಯ ಲೆಕ್ಕದಲ್ಲೇ ಇರುವ ಗೆಳೆತನ

ಹದಿನೆಂಟನೇ ಶತಮಾನದ ವರ್ತಕರ ಪತ್ರಗಳನ್ನು ಓದುವುದು, ಓದಿಸುವುದು ನನ್ನ ಕೆಲಸ. ಹೊಸದಾಗಿ ಬರುವ ವಿದ್ಯಾರ್ಥಿಗಳು ಅಕ್ಕಿ, ನೀಲಿ ಬಣ್ಣ, ಹುಂಡಿಗಳ (ಇಂಥವರಿಗೆ ಇಷ್ಟು ಹಣ ಕೊಡಿ ಎಂದು ಬರೆದುಕೊಡುವ ಚೀಟಿಗಳ) ಸಾಲುಗಳನ್ನು ಹಾರಿಸಿ, ಕೊನೆಗೆ ಬರುವ ಹೆಂಡತಿ ಮಕ್ಕಳ ಕ್ಷೇಮಸಮಾಚಾರಕ್ಕೆ ಹೋಗುತ್ತಾರೆ. ಹಾಗೆ ಓದಬೇಡಿ ಎನ್ನುತ್ತೇನೆ. ಆ ವರ್ತಕರು 'ಗೆಳೆಯ' ಎಂದು ಬರೆದರೆ ಎಷ್ಟೋ ಸಲ ಕಡಲಾಚೆ ತಮ್ಮ ಸರಕು ಮಾರಿಕೊಡುವವನು, ತಮ್ಮ ಹುಂಡಿಗೆ ಹಣ ಕೊಡುವವನು ಎಂದೇ ಅರ್ಥ. ಪತ್ರ ಮುಟ್ಟಲು ವಾರಗಟ್ಟಲೆ ಬೇಕು. ಯುದ್ಧ ಬಂದರೆ ದಾರಿಯಲ್ಲೇ ಶತ್ರುವಿನ ಪಾಲು. ಅದಕ್ಕೇ ಒಂದೇ ಕಾಗದದ ಎರಡು ಮೂರು ಪ್ರತಿ ಬೇರೆ ಬೇರೆ ಹಡಗು ಹತ್ತುತ್ತಿದ್ದವು.

ಹೆನ್ರಿ ಲಾರೆನ್ಸ್ ಅಮೆರಿಕದ ಚಾರ್ಲ್ಸ್‌ಟನ್‌ನ ವರ್ತಕ. ರಿಚರ್ಡ್ ಓಸ್ವಾಲ್ಡ್ ಲಂಡನ್ನಿನಲ್ಲಿ ನೆಲೆಸಿದ ಸ್ಕಾಟಿಷ್ ವರ್ತಕ. ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್‌ನ ಬಾನ್ಸ್ ದ್ವೀಪದಲ್ಲಿದ್ದ ಓಸ್ವಾಲ್ಡ್ ಪಾಲುದಾರಿಕೆಯ ಕೋಟೆಯಿಂದ ಗುಲಾಮರು ಬರುತ್ತಿದ್ದರು. ಲಾರೆನ್ಸ್ ಆ ಗುಲಾಮರನ್ನು ಮಾರಿ ದಲ್ಲಾಳಿ ಹಣ ಪಡೆಯುತ್ತಿದ್ದ. ಈ ಇಬ್ಬರು ವರ್ತಕರ ಸ್ನೇಹ ಬೇರೂರಿದ್ದು ಈ ನೆಲದಲ್ಲಿ. ಇದನ್ನು ಮರೆಮಾಚಿ ಆ ಸ್ನೇಹದ ಬಗ್ಗೆ ಬರೆಯಲು ನನ್ನಿಂದಾಗದು.

1780ರ ಸೆಪ್ಟೆಂಬರಿನಲ್ಲಿ, ಬ್ರಿಟನ್ ವಿರುದ್ಧ ಸ್ವಾತಂತ್ರ್ಯ ಯುದ್ಧ ನಡೆಸುತ್ತಿದ್ದ ಅಮೆರಿಕಕ್ಕೆ ಡಚ್ಚರಿಂದ ಸಾಲ ತರಲು ಹೊರಟಿದ್ದ ಲಾರೆನ್ಸ್‌ನ ಹಡಗನ್ನು ನ್ಯೂಫೌಂಡ್‌ಲ್ಯಾಂಡ್ ಬಳಿ ಬ್ರಿಟಿಷರು ಹಿಡಿದರು. ಕಾಗದಗಳ ಚೀಲಕ್ಕೆ ಗುಂಡುಗಳ ಭಾರ ಹಾಕಿ ಸಮುದ್ರಕ್ಕೆ ಎಸೆದದ್ದಾಯಿತು. ಚೀಲ ಮುಳುಗಲಿಲ್ಲ. ನಾವಿಕರು ಕೊಕ್ಕೆ ಹಾಕಿ ಎಳೆದುಕೊಂಡರು. ಒಳಗೆ ಡಚ್ಚರೊಂದಿಗಿನ ಒಪ್ಪಂದದ ಕರಡಿತ್ತು; ಡಿಸೆಂಬರಿನಲ್ಲಿ ಬ್ರಿಟನ್ ಡಚ್ಚರ ಮೇಲೂ ಯುದ್ಧ ಸಾರಿತು. ಲಾರೆನ್ಸ್ ಲಂಡನ್ ಟವರ್ ಕೋಟೆಯ ಸೆರೆ ಸೇರಿದ. ಬರೆಯಲು ಶಾಯಿ, ಲೇಖನಿ ಕೊಡದಿದ್ದಾಗ ಪೆನ್ಸಿಲ್ ತುಂಡಿನಲ್ಲಿ ಬರೆದ. 1781ರ ಡಿಸೆಂಬರ್ 31ರಂದು ಬಿಡುಗಡೆಯಾದಾಗ ಜಾಮೀನು ನಿಂತವನು ಓಸ್ವಾಲ್ಡ್, ಶತ್ರುದೇಶದ ಪ್ರಜೆ!

ಮರುವರ್ಷ ಯುದ್ಧ ಮುಗಿಸಲು ನಡೆದ ಪ್ಯಾರಿಸ್ಸಿನ ಸಂಧಾನದಲ್ಲಿ ಬ್ರಿಟನ್ ಪರ ಕೂತವನೂ ಅದೇ ಓಸ್ವಾಲ್ಡ್. ಅಮೆರಿಕದ ಪರವಾಗಿ ಲಾರೆನ್ಸ್ ಅಲ್ಲಿಗೆ ಬಂದದ್ದು ಸಹಿಗೆ ಮುನ್ನಾದಿನ, ನವೆಂಬರ್ 29ರಂದು. ಗುಲಾಮರನ್ನು ಸೈನ್ಯಕ್ಕೆ ಸೇರಿಸಿ ಬಿಡುಗಡೆ ಮಾಡಬೇಕೆಂದು ಹೋರಾಡಿದ ಮಗ ಜಾನ್ ಯುದ್ಧದಲ್ಲಿ ಸತ್ತ ಸುದ್ದಿ ಅಪ್ಪನಿಗೆ ಮುಟ್ಟಿ ಕೆಲವೇ ದಿನಗಳಾಗಿದ್ದವು. 1776ರಲ್ಲಿ ಅದೇ ಮಗನಿಗೆ, ಗುಲಾಮಗಿರಿ ಎಂದರೆ ತನಗೆ ಅಸಹ್ಯ ಎಂದು ಈ ತಂದೆ ಬರೆದಿದ್ದ. ಈಗ ಒಪ್ಪಂದಕ್ಕೆ ಒಂದು ಮಾತು ಸೇರಿಸಲು ಕೇಳಿದ: ಹಿಂದಿರುಗುವ ಬ್ರಿಟಿಷ್ ಸೈನ್ಯ 'ನೀಗ್ರೋಗಳನ್ನಾಗಲಿ ಇತರ ಆಸ್ತಿಯನ್ನಾಗಲಿ' ಒಯ್ಯಕೂಡದು.

ಓಸ್ವಾಲ್ಡ್ ಒಪ್ಪಿದ.