ಒಸಡಿನ ಕೀವು ಹಾರ್ಟಿಗೆ ಇಳಿಯುತ್ತದಾ?

ಪ್ರಶ್ನೆ: ನಮ್ಮಪ್ಪಗ 58 ವರ್ಷ. ಹೋದ ತಿಂಗಳು ಎದಿನೋವು ಬಂದು ಕಲಬುರಗಿಯಾಗ ಸ್ಟೆಂಟ್ ಹಾಕಿಸಿದ್ವಿ. ಮೊದಲಿಂದನೂ ಒಸಡಿನಾಗ ರಕ್ತ, ಕೀವು ಬರ್ತದ. ಶುಗರ್ ಅದ, ತಂಬಾಕು ಹಾಕ್ತಾರ. ‘ಹಲ್ಲಿನ ವಿಷನೇ ಹಾರ್ಟಿಗೆ ಇಳದದ, ಹಲ್ಲೆಲ್ಲಾ ಕೀಳಸ್ರಿ’ ಅಂತಾರ ಮಂದಿ. ಖರೇ ಏನ್ರಿ?
– ಸೇಡಂನ ಓದುಗರು

ಉತ್ತರ: ಹಲ್ಲು ಕೀಳಿಸುವ ಅವಸರ ಬೇಡ. ಸ್ಟೆಂಟ್ ಹಾಕಿ ತಿಂಗಳಷ್ಟೇ ಆಗಿದೆ ಅಂದರೆ, ಅಪ್ಪ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಜೊತೆಗೆ ಕ್ಲೊಪಿಡೋಗ್ರೆಲ್ ಅಥವಾ ಅಂಥದ್ದೇ ಇನ್ನೊಂದು ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ. ಹಲ್ಲು ಕೀಳಿಸಿದರೆ ರಕ್ತ ನಿಲ್ಲಲ್ಲ ಅಂತ ಹೆದರಿ ಆ ಮಾತ್ರೆ ನೀವೇ ನಿಲ್ಲಿಸಿಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಒಸಡಿನ ಕೀವಿಗಿಂತ ಅದು ಎಷ್ಟೋ ದೊಡ್ಡ ಗಂಡಾಂತರ.

ಹಾಗಂತ ಮಂದಿ ಹೇಳೋದು ಪೂರ್ತಿ ಸುಳ್ಳೂ ಅಲ್ಲ. ಕೆಟ್ಟ ಒಸಡಿನಲ್ಲಿ ಪೋರ್ಫಿರೊಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾ ಮನೆ ಮಾಡಿರುತ್ತದೆ. ಅದರ ಹೊರಗೋಡೆಯಲ್ಲೇ ಎಂಡೋಟಾಕ್ಸಿನ್ ಎಂಬ ವಿಷ ಇರುತ್ತದೆ. ಹಲ್ಲು ತಿಕ್ಕುವಾಗ, ಗಟ್ಟಿ ರೊಟ್ಟಿ ಅಗಿಯುವಾಗ ಬ್ಯಾಕ್ಟೀರಿಯಾ ಅಷ್ಟಿಷ್ಟು ರಕ್ತಕ್ಕೆ ಸೇರುತ್ತದೆ. ರಕ್ತನಾಳದ ಕೊಬ್ಬಿನ ಗಂಟಿನಲ್ಲೂ ಅದರ ಡಿಎನ್‌ಎ ಸಿಕ್ಕಿದೆ. ಆದರೆ ಅಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಗಂಟು ಕಟ್ಟಿದ್ದು ಅದೇ ಅನ್ನೋಕಾಗಲ್ಲ, ಅಲ್ವಾ?

ಹೆಚ್ಚಿನ ಹಾನಿ ಮಾಡುವುದು ಆ ವಿಷಕ್ಕೆ ನಮ್ಮ ದೇಹ ಕೊಡುವ ಉತ್ತರ. ಎಂಡೋಟಾಕ್ಸಿನ್ ಕಂಡ ಕೂಡಲೇ ಬಿಳಿ ರಕ್ತಕಣಗಳು ಐಎಲ್-6ನಂಥ ಸಂಕೇತ ಕಳಿಸುತ್ತವೆ. ಲಿವರ್ ಸಿಆರ್‌ಪಿ ಎಂಬ ಪ್ರೋಟೀನ್ ತಯಾರಿಸುತ್ತದೆ. ದೇಹದ ಈ ಉತ್ತರಕ್ಕೇ ಉರಿಯೂತ ಅನ್ನೋದು. ಗಾಯವಾದಾಗ ಅದು ಬಂದು ಹೋದರೆ ಒಳ್ಳೇದೇ. ಹೋಗದೆ ವರ್ಷಗಟ್ಟಲೆ ಕೂತರೆ ಮಾತ್ರ ತೊಗರಿ ಹೊಟ್ಟಿನ ರಾಶಿಗೆ ಬಿದ್ದ ಕೆಂಡದಂತೆ: ಹೊರಗೆ ಉರಿ ಕಾಣಲ್ಲ, ಒಳಗೊಳಗೇ ಸುಡುತ್ತದೆ. ರಕ್ತನಾಳದ ಗೋಡೆಯಲ್ಲಿ ಸೇರಿದ ಕೆಟ್ಟ ಕೊಲೆಸ್ಟ್ರಾಲನ್ನು ಬಿಳಿಕಣಗಳು ನುಂಗಿ ಅಲ್ಲೇ ಸಾಯುತ್ತವೆ. ಗಂಟಿನ ಮೇಲಿನ ಪದರ ತೆಳ್ಳಗಾಗುತ್ತದೆ. ಒಂದಿನ ಅದು ಒಡೆದು, ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಅದೇ ಹಾರ್ಟ್ ಅಟ್ಯಾಕ್.

ಹಾಗಾದರೆ ಆಂಟಿಬಯಾಟಿಕ್ ಕೊಟ್ಟು ಬ್ಯಾಕ್ಟೀರಿಯಾ ಕೊಂದರೆ ಆಯ್ತಲ್ಲ? ಒಸಡಿನದ್ದಲ್ಲದಿದ್ದರೂ ಬೇರೊಂದು ಬ್ಯಾಕ್ಟೀರಿಯಾ ಗುರಿಯಾಗಿಟ್ಟು ಅದನ್ನೂ ಮಾಡಿ ನೋಡಿದ್ದಾರೆ. ಹೃದ್ರೋಗ ಇದ್ದ 4,000ಕ್ಕೂ ಹೆಚ್ಚು ಜನರ ಮೇಲೆ ಅಜಿಥ್ರೊಮೈಸಿನ್ ಪರೀಕ್ಷಿಸಿದರು. ವಾರಕ್ಕೊಂದರಂತೆ ಒಂದು ವರ್ಷ. 2005ರಲ್ಲಿ ಫಲಿತಾಂಶ ಬಂತು: ಏನೂ ಉಪಯೋಗವಾಗಲಿಲ್ಲ. ಆಮೇಲೆ 2017ರಲ್ಲಿ ಕ್ಯಾಂಟೋಸ್ ಎಂಬ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಅದರಲ್ಲಿದ್ದವರು 10,061 ಮಂದಿ. ಅಲ್ಲಿ ಕೊಟ್ಟ ಕನಾಕಿನುಮ್ಯಾಬ್ ಎಂಬ ಔಷಧ ಕೊಲೆಸ್ಟ್ರಾಲನ್ನು ಮುಟ್ಟಲಿಲ್ಲ, ಉರಿಯೂತವನ್ನಷ್ಟೇ ತಗ್ಗಿಸಿತು. ಅಷ್ಟಕ್ಕೇ 150 ಮಿಲಿಗ್ರಾಂ ಡೋಸ್ ಪಡೆದವರಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯದ ಕಾಯಿಲೆಯಿಂದ ಸಾವು ಒಟ್ಟಾರೆ ಶೇ. 15ರಷ್ಟು ಕಡಿಮೆಯಾಯಿತು. ಆದರೆ ಸೋಂಕು ತಗುಲಿ ಸತ್ತವರು ಜಾಸ್ತಿಯಾದರು. ಉರಿಯೂತವನ್ನು ಸುಮ್ನೆ ಆರಿಸಿಬಿಡೋದಕ್ಕೂ ಬರಲ್ಲ ನೋಡಿ.

ಒಸಡಿಗೆ ಚಿಕಿತ್ಸೆ ಕೊಟ್ಟರೆ ಹಾರ್ಟ್ ಅಟ್ಯಾಕ್ ತಪ್ಪುತ್ತದೆ ಅಂತ ಇನ್ನೂ ಸಾಬೀತಾಗಿಲ್ಲ. ಆದರೂ ಅಪ್ಪನಿಗೆ ಚಿಕಿತ್ಸೆ ಬೇಕೇ ಬೇಕು. ಶುಗರ್ ಏರಿದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಶುಗರ್ ಹಿಡಿತಕ್ಕೆ ಬರಲ್ಲ. ಹಾರ್ಟ್ ಡಾಕ್ಟರನ್ನು ಕೇಳಿಯೇ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಡಿಸ್ಚಾರ್ಜ್ ಚೀಟಿ, ಮಾತ್ರೆ ಪಟ್ಟಿ ಕೈಯಲ್ಲಿರಲಿ. ಮೊದಲು ಹಲ್ಲು ಕ್ಲೀನ್ ಮಾಡಿಸಿ. ಅಲ್ಲಾಡುವ ಹಲ್ಲು ತೆಗೆಯಬೇಕೋ ಬೇಡವೋ ಅವರು ನೋಡಿ ಹೇಳುತ್ತಾರೆ. ಬರೀ ಸ್ಟೆಂಟ್ ಇದ್ದವರಿಗೆ ಅದಕ್ಕೂ ಮುಂಚೆ ಆಂಟಿಬಯಾಟಿಕ್ ಬೇಕಿಲ್ಲ. ಕೃತಕ ವಾಲ್ವ್ ಹಾಕಿಸಿಕೊಂಡವರ ಲೆಕ್ಕ ಬೇರೆ, ಅವರಿಗೆ ಬೇಕು.

ಇನ್ನು ತಂಬಾಕು. ಅದು ಒಸಡನ್ನೂ ಕೆಡಿಸುತ್ತದೆ, ರಕ್ತನಾಳವನ್ನೂ ಕೆಡಿಸುತ್ತದೆ. ಅಪ್ಪನ ಕೈಯಿಂದ ಮೊದಲು ಬಿಡಿಸಬೇಕಾದ್ದು ಅದನ್ನು, ಹಲ್ಲನ್ನಲ್ಲ. ಕೊಲೆಸ್ಟ್ರಾಲಿಗೆ ಕೊಟ್ಟಿರುವ ಸ್ಟಾಟಿನ್ ಮಾತ್ರೆ ಉರಿಯೂತವನ್ನೂ ಒಂದಿಷ್ಟು ತಗ್ಗಿಸುತ್ತದೆ. ಆದ್ದರಿಂದ ಕೊಲೆಸ್ಟ್ರಾಲ್ ರಿಪೋರ್ಟ್ ನಾರ್ಮಲ್ ಬಂತು ಅಂತ ಅದನ್ನು ಬಿಡಿಸಬೇಡಿ.

ಉರಿಯೂತ ಎಷ್ಟಿದೆ ಅಂತ ತೋರಿಸುವ ಸಿಆರ್‌ಪಿ ಟೆಸ್ಟ್ ಮಾಡಿಸಬೇಕಾ ಅಂತ ಕೇಳುವವರೂ ಇದ್ದಾರೆ. ಡಾಕ್ಟರು ಬರೆದುಕೊಟ್ಟರೆ ಮಾಡಿಸಿ. ಜ್ವರ, ನೆಗಡಿ ಇದ್ದಾಗ ಮಾತ್ರ ಬೇಡ, ಆಗ ಅದು ಹೇಗೂ ಏರಿರುತ್ತದೆ.