ಹಸಿರು ತ್ರಿಕೋನ ಹೇಳದೆ ಬಿಡುವ ಮಾತು

ಹಾಸನದ ಕಡೆ ಆಲೂಗಡ್ಡೆಗೆ ಅಂಗಮಾರಿ ಬೀಳುವ ಮಳೆಗಾಲ. ಹಿರಿಯ ರೈತರೊಬ್ಬರು ಆ ರೋಗಕ್ಕೆ ಸಿಂಪಡಿಸುವ ಎಂ-45 ಪುಡಿಯನ್ನು ಡ್ರಮ್ಮಿಗೆ ಸುರಿದು, ಮೊಣಕೈವರೆಗೆ ಬರಿಗೈ ಇಳಿಸಿ ಕದಡುತ್ತಿದ್ದರು. ಉಗುರಿನ ಸಂದಿಯೆಲ್ಲ ಹಳದಿ. "ಗೌಡ್ರೆ, ಒಂದು ಕೋಲಾದ್ರೂ ತಗೊಳ್ಳಿ" ಅಂದೆ. ಪ್ಯಾಕೆಟ್ ತಿರುಗಿಸಿ, ವಿಷದ ಮಟ್ಟ ಹೇಳುವ ಬಣ್ಣದ ತ್ರಿಕೋನ ತೋರಿಸಿದರು: "ಹಸಿರು ಹಾಕವ್ರಲ್ಲ ಸಾರ್, ಇದ್ರಿಂದೇನಾಯ್ತದೆ?"

ಅವರನ್ನು ತಪ್ಪೆನ್ನಲಾರೆ. ಬಣ್ಣ ಓದಲು ನಾವೇ ಕಲಿಸಿದ್ದು: ಕೆಂಪು, ಹಳದಿ, ನೀಲಿ, ಹಸಿರು, ಇಳಿಯುತ್ತ ಹೋದಂತೆ ವಿಷ ಕಡಿಮೆ. ಆದರೆ ಈ ಬಣ್ಣ ಹುಟ್ಟುವುದು ಮುಖ್ಯವಾಗಿ ಒಂದು ಲೆಕ್ಕದಿಂದ. ಪ್ರಯೋಗದ ಪ್ರಾಣಿಗಳಿಗೆ ಒಂದೇ ಸಲ ತಿನ್ನಿಸಿದಾಗ ಅರ್ಧದಷ್ಟು ಸಾಯಲು ಎಷ್ಟು ಬೇಕು? ದೇಹತೂಕದ ಪ್ರತಿ ಕಿಲೋಗೆ 50 ಮಿಲಿಗ್ರಾಂ ಒಳಗಾದರೆ ಕೆಂಪು, 5,000 ದಾಟಿದರೆ ಹಸಿರು. ಎಂ-45ರಲ್ಲಿರುವ ಮ್ಯಾಂಕೋಜೆಬ್ ಹಸಿರಿಗೆ ಸೇರುತ್ತದೆ. ಅಂದರೆ ಇವತ್ತು ಬಾಯಿಗೆ ಹೋದರೆ ಇವತ್ತೇ ಜೀವ ತೆಗೆಯುವ ಶಕ್ತಿ ಕಡಿಮೆ, ಅಷ್ಟೇ. ಮೂವತ್ತು ಮಳೆಗಾಲ ಕೈ ಅದ್ದಿದರೆ ಏನಾದೀತು ಎಂಬ ಪ್ರಶ್ನೆಯನ್ನು ಆ ತ್ರಿಕೋನ ಕೇಳಿಯೇ ಇಲ್ಲ.

ಮ್ಯಾಂಕೋಜೆಬ್ ಒಡೆದಾಗ ಎಥಿಲೀನ್ ಥಯೋಯೂರಿಯಾ ಎಂಬ ವಸ್ತು ಹುಟ್ಟುತ್ತದೆ. ಪ್ರಾಣಿಗಳ ಥೈರಾಯ್ಡ್ ಗ್ರಂಥಿಯನ್ನು ಅದು ಕೆಡಿಸುವುದು ಹಳೆಯ ವಿಷಯ. ಐರೋಪ್ಯ ಒಕ್ಕೂಟದಲ್ಲಿ ಕೀಟನಾಶಕದ ಅನುಮತಿಗೆ ಅವಧಿ ಉಂಟು. ಮುಗಿದಾಗ ಕಡತ ಮತ್ತೆ ಬಿಚ್ಚಲೇಬೇಕು. ಹಾಗೆ ಬಿಚ್ಚಿದಾಗ, ಸಂತಾನಶಕ್ತಿ ಮತ್ತು ಹಾರ್ಮೋನುಗಳ ಮೇಲಿನ ಪರಿಣಾಮ ಮುಂತಾದ ಕಾರಣಗಳಿಗೆ 2020ರ ಡಿಸೆಂಬರಿನಲ್ಲಿ ಇದರ ಅನುಮತಿಯನ್ನು ನವೀಕರಿಸಲಿಲ್ಲ. ನಮ್ಮ 1968ರ ಕೀಟನಾಶಕ ಕಾಯ್ದೆಯಲ್ಲಿ ಪೂರ್ಣ ನೋಂದಣಿಗೆ ಮುಗಿಯುವ ದಿನಾಂಕವೇ ಇಲ್ಲ. ಯಾರಾದರೂ ಗಂಟೆ ಬಾರಿಸಿದರೆ ಪರಿಶೀಲನೆ. 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಿಷೇಧಿಸಹೊರಟ 27 ಕೀಟನಾಶಕಗಳ ಕರಡು ಪಟ್ಟಿಯಲ್ಲಿ ಮ್ಯಾಂಕೋಜೆಬ್ ಕೂಡ ಇತ್ತು. 2023ರ ಆದೇಶದ ಹೊತ್ತಿಗೆ ಅದು ನಿಷೇಧದಿಂದ ಪಾರಾಗಿತ್ತು.

ರಾಜ್ಯವಾದರೂ ತಡೆಯಬಾರದೇ ಎಂದು ಅನೇಕರು ಕೇಳುತ್ತಾರೆ. ಕಾಯ್ದೆಯ 27ನೇ ಕಲಂ ರಾಜ್ಯದ ಕೈಗೆ ಕೊಟ್ಟಿರುವುದು 60 ದಿನ, ತನಿಖೆ ಮುಗಿಯದಿದ್ದರೆ ಇನ್ನೊಂದು 30. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದು ಜನ ನರಳಿದ ಕಾಸರಗೋಡು, ಬೆಳ್ತಂಗಡಿಯ ಕೊಕ್ಕಡದ ಕಥೆ ಗೊತ್ತಲ್ಲ. ಸಿಂಪಡಣೆ ನಿಂತು ದಶಕ ಕಳೆದ ಮೇಲೆ, 2011ರ ಫೆಬ್ರವರಿಯಲ್ಲಿ ಕರ್ನಾಟಕ ಹಾಕಿದ ನಿಷೇಧವೂ 60 ದಿನದ್ದೇ. ದೇಶಕ್ಕೆಲ್ಲ ತಡೆ ಬಿದ್ದದ್ದು ಮೇ 13ರಂದು, ಸುಪ್ರೀಂ ಕೋರ್ಟಿನಿಂದ.

ನನ್ನ ಮಟ್ಟಿಗೆ, ನೋಂದಣಿಗೊಂದು ಕೊನೆಯ ದಿನಾಂಕ ಬರೆದರೆ ಅರ್ಧ ಜಗಳ ತೀರುತ್ತದೆ. ಕಂಪನಿಯೇ ಹೊಸ ಪುರಾವೆ ಹೊತ್ತು ಬರಲಿ. ಸಂತ್ರಸ್ತರು ಯಾಕೆ ಕೋರ್ಟು ಅಲೆಯಬೇಕು?

ಗೌಡರು ಆವತ್ತು ಬೇಲಿಯಿಂದ ಒಂದು ಕೋಲು ಮುರಿದು ತಂದರು, ನನ್ನ ಸಮಾಧಾನಕ್ಕೆ. ಅದೇ ಕೈಯಲ್ಲಿ ಎಲೆ ಅಡಿಕೆಯ ಚೀಲವನ್ನೂ ಬಿಚ್ಚಿದರು.