‘18 ಆಗಿಲ್ಲ ಅಂದ್ರೆ ಏನೂ ಮಾಡಂಗಿಲ್ಲ ಅಲ್ವಾ ಸರ್?’

ಪ್ರಶ್ನೆ: 9ನೇ ತರಗತಿಗೆ ಬಾಲಾಪರಾಧದ ಬಗ್ಗೆ ಪಾಠ ಮಾಡಬೇಕು. ಮಕ್ಕಳದ್ದು ಒಂದೇ ಮಾತು: ‘18 ಆಗಿಲ್ಲ ಅಂದ್ರೆ ಪೊಲೀಸ್ನೋರು ಏನೂ ಮಾಡಂಗಿಲ್ಲ.’ ಎಲ್ಲಿಂದ ಶುರು ಮಾಡಲಿ?
– ಪ್ರೌಢಶಾಲಾ ಶಿಕ್ಷಕರು, ಹಿರಿಯೂರು ತಾಲ್ಲೂಕು

ಉತ್ತರ: ಆ ಮಾತಿನಿಂದಲೇ ಶುರು ಮಾಡಿ. ಲಾಕಪ್ ಇಲ್ಲ, ಜೈಲಿಲ್ಲ ಎನ್ನುವಷ್ಟು ಮಾತ್ರ ಅದರಲ್ಲಿ ನಿಜ. ಬಾಲನ್ಯಾಯ ಕಾಯ್ದೆ, 2015ರಲ್ಲಿ ಅದಕ್ಕೆ ಬೇರೆಯೇ ದಾರಿ ಇದೆ. ಆ ದಾರಿಯನ್ನು ಮಕ್ಕಳ ಕೈಯಲ್ಲೇ ಹುಡುಕಿಸಿ.

ಒಂದು ಕಲ್ಪಿತ ಪ್ರಕರಣ ಕೊಡಿ: 15ರ ಹುಡುಗ ದಾವಣಗೆರೆ ಬಸ್ ನಿಲ್ದಾಣದ ಹೊರಗೆ ಒಬ್ಬರ ಜೇಬಿನಿಂದ ಮೊಬೈಲ್ ಎಗರಿಸಿ ಸಿಕ್ಕಿಬಿದ್ದ. ಮುಂದಿನ ಹಂತಗಳನ್ನು ಚೀಟಿಗಳಲ್ಲಿ ಬರೆದು ಕಲಸಿ, ಐದೈದು ಮಕ್ಕಳ ಗುಂಪಿಗೆ ಕೊಟ್ಟು ಸಾಲಾಗಿ ಜೋಡಿಸಲು ಹೇಳಿ. ‘ಎಫ್‌ಐಆರ್’, ‘ಕೈಕೋಳ’, ‘ಲಾಕಪ್’ ಎಂಬ ಮೂರು ತಪ್ಪು ಚೀಟಿಗಳನ್ನೂ ಸೇರಿಸಿ. ಬಹುತೇಕ ಗುಂಪುಗಳು ಅವನ್ನೇ ಮೊದಲಿಡುತ್ತವೆ. ಪಾಠ ಅಲ್ಲಿಂದ ಕಳೆಗಟ್ಟುತ್ತದೆ.

ಸರಿಯಾದ ಸಾಲು ಹೀಗಿದೆ. ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಪ್ರಕರಣ ನೋಡಿಕೊಳ್ಳುತ್ತಾರೆ. ಇಂಥ ಸಣ್ಣ ಅಪರಾಧಕ್ಕೆ ಎಫ್‌ಐಆರ್ ಇಲ್ಲ, ಠಾಣಾ ದಿನಚರಿಯಲ್ಲಿ ನಮೂದಾಗುತ್ತದೆ. ಅಪ್ಪ-ಅಮ್ಮನಿಗೆ ತಿಳಿಸಿ, ಹುಡುಗನ ಸಾಮಾಜಿಕ ಹಿನ್ನೆಲೆಯ ವರದಿಯನ್ನು ಬಾಲನ್ಯಾಯ ಮಂಡಳಿಗೆ ಕಳಿಸುತ್ತಾರೆ. ವಶಕ್ಕೆ ಪಡೆದಿದ್ದರೆ, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಲೇಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ವಿಚಾರಣೆ 4 ತಿಂಗಳಲ್ಲಿ ಮುಗಿಯಬೇಕು, ಹೆಚ್ಚೆಂದರೆ ಇನ್ನೆರಡು ತಿಂಗಳು. ತಪ್ಪು ಸಾಬೀತಾದರೆ ಬುದ್ಧಿಮಾತು, ಆಪ್ತ ಸಮಾಲೋಚನೆ, ಸಮುದಾಯ ಸೇವೆಯಿಂದ ಹಿಡಿದು ವಿಶೇಷ ಗೃಹದಲ್ಲಿ (ತಪ್ಪೆಸಗಿದ ಮಕ್ಕಳ ಸುಧಾರಣೆಗಿರುವ ವಸತಿ ಕೇಂದ್ರ) 3 ವರ್ಷದವರೆಗೆ ಇರಿಸುವ ತನಕ ಆದೇಶ ಆಗಬಹುದು. ಅಂದರೆ ‘ಏನೂ ಆಗಲ್ಲ’ ಎನ್ನುವುದು ಸುಳ್ಳು.

‘ಕೊಲೆ ಮಾಡಿದ್ರೆ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 16 ತುಂಬಿದವರು ಘೋರ ಅಪರಾಧ ಎಸಗಿದರೆ ಮಂಡಳಿ ಅವರ ಮಾನಸಿಕ ಸಾಮರ್ಥ್ಯವನ್ನೂ ಸಂದರ್ಭವನ್ನೂ ಅಳೆದು, ವಯಸ್ಕರಂತೆ ವಿಚಾರಣೆಯಾಗಬಹುದಾದ ಮಕ್ಕಳ ನ್ಯಾಯಾಲಯಕ್ಕೆ ವರ್ಗಾಯಿಸಬಹುದು. ತಾನಾಗಿಯೇ ವರ್ಗವಾಗುವುದಿಲ್ಲ. ಲೆಕ್ಕಕ್ಕೆ ಬರುವುದು ಕೃತ್ಯ ನಡೆದ ದಿನದ ವಯಸ್ಸು. ವಯಸ್ಸಿನ ಬಗ್ಗೆ ಅನುಮಾನ ಬಂದರೆ ಮೊದಲು ನೋಡುವುದು ಶಾಲೆಯ ದಾಖಲೆಯನ್ನೇ. ಜನ್ಮದಿನಾಂಕ ತಪ್ಪಿದ್ದರೆ ಏನಾಗಬಹುದು ಎಂಬುದನ್ನು ಮಕ್ಕಳೇ ಯೋಚಿಸಲಿ.

ಅವರಿಗೆ ನೇರವಾಗಿ ತಾಗುವುದು ಬೈಕ್. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ, ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಇಲ್ಲವೇ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂ. ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಓಡಿಸಿದವರಿಗೆ 25 ತುಂಬುವವರೆಗೆ ಡಿಎಲ್ ಇಲ್ಲ. ಇದನ್ನು ಬೋರ್ಡಿನ ಮೇಲೆ ಬರೆಯಿರಿ.

ಎರಡು ಕಡೆ ಎಡವಬೇಡಿ. ಅಣಕು ವಿಚಾರಣೆ ಮಾಡಿಸುವಾಗ ಕಟಕಟೆ, ಎತ್ತರದ ಪೀಠ ಬೇಡ. ಮಂಡಳಿಯಲ್ಲಿ ಅವೆರಡೂ ಇರಕೂಡದು ಎಂದೇ ನಿಯಮವಿದೆ. ಒಂದು ಮೇಜು, ಸುತ್ತ ಕುರ್ಚಿ ಸಾಕು. ಇನ್ನೊಂದು, ಊರಿನ ನಿಜ ಪ್ರಕರಣವನ್ನು ಉದಾಹರಣೆಗೆ ಎತ್ತಿಕೊಳ್ಳಲೇಬೇಡಿ. ಆ ಹುಡುಗನ ತಂಗಿ ಅದೇ ತರಗತಿಯಲ್ಲಿ ಕೂತಿರಬಹುದು. ಕಾಯ್ದೆಯ ಸೆಕ್ಷನ್ 74ರ ಪ್ರಕಾರ ಹೆಸರು, ಫೋಟೊ, ಶಾಲೆ ಯಾವುದನ್ನೂ ಬಯಲು ಮಾಡುವಂತಿಲ್ಲ. 6 ತಿಂಗಳವರೆಗೆ ಜೈಲು, 2 ಲಕ್ಷ ರೂ.ವರೆಗೆ ದಂಡ ಅಥವಾ ಎರಡೂ ಆಗಬಹುದು. ವಾಟ್ಸ್ಆ್ಯಪ್ ಸ್ಟೇಟಸ್ ಹಾಕುವ ಮಕ್ಕಳಿಗೆ ಇದನ್ನು ಒತ್ತಿ ಹೇಳಿ.

ಪಾಠ ಮುಗಿದ ಮೇಲೆ ಯಾರಾದರೂ ಒಬ್ಬರೇ ಬಂದು ‘ನನ್ನ ಫ್ರೆಂಡ್‌ಗೆ ಹಿಂಗಾಗಿದೆ’ ಎಂದರೆ ಎಲ್ಲರೆದುರು ಕೆದಕಬೇಡಿ. ಮಕ್ಕಳ ಸಹಾಯವಾಣಿ 1098 ಕೊಡಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಕ್ಕಳಿಗೆ ವಕೀಲರ ನೆರವು ಉಚಿತ ಎಂಬುದನ್ನೂ ತಿಳಿಸಿ.